ಮೂವತ್ತೇಳನೆಯ ಫೂಟು

"ಬ್ಯಾಂಕಿನಂವ ಬಂದು ನನ್ನ ಮನಿ ಕಿಮ್ಮತ್ತು ನನಗ ಹೇಳಬೇಕೇನ? ಅಂವ ಬರೂದ್ರಾಗ ನಾನ ಲೆಕ್ಕಾ ಹಾಕಿ ಇಟ್ಟಿರ್ತೇನಿ. ಅಂವ ಬಂದು ಸಹಿ ಒಗದ್ರ ಸಾಕು!"

ರವಿವಾರ ಮುಂಜಾನೆ ಎರಡನೆಯ ಕಪ್ಪು ಚಹಾ ಮುಗಿಸಿ, ಯುದ್ಧಕ್ಕೆ ಹೊರಟ ದಂಡನಾಯಕನ ಗತ್ತಿನಲ್ಲಿ ಮಲ್ಲಿನಾಥ ಮಾಸ್ತರ ಹೀಗೆ ಸಾರಿದ. ರಬಕವಿಯ ನೇಕಾರ ಓಣಿಯ ಮೊದಲನೆಯ ಮನೆಯ ಪಡಸಾಲೆಯಲ್ಲಿ ಈ ಘೋಷಣೆಯನ್ನು ಕೇಳಿದ ಸಮಸ್ತ ಸೈನ್ಯವೆಂದರೆ ಅವನ ಹೆಂಡತಿ ಶ್ರೀದೇವಿ ಒಬ್ಬಳೇ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೇಳಿದಳು:

"ಹಾಲಿನಂವನ ಲೆಕ್ಕಾ ಹಾಕಿದ್ರೆಲಾ, ಹಂಗ ಏನ್ರಿ ಇದೂನು?"

ಇದು ಮರ್ಮಕ್ಕೆ ತಾಗುವ ಮಾತು. ಮಲ್ಲಿನಾಥ ಹುನ್ನೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ವಿಜ್ಞಾನ ಕಲಿಸುವವನು. ಹಾಲಿನವನ ಮಾಪು ಲೀಟರಿಗೆ ಹದಿನಾಲ್ಕು ಮಿಲಿಲೀಟರ್ ಕಡಿಮೆಯಿದೆಯೆಂದು ಪ್ರಯೋಗಶಾಲೆಯ ಸಿಲಿಂಡರು ತಂದು ಸಾಬೀತು ಮಾಡಿ, ಆ ಹಾಲಿನವನನ್ನೂ ಮುಂದಿನ ಮೂರು ತಿಂಗಳ ಹಾಲನ್ನೂ ಒಟ್ಟಿಗೆ ಕಳೆದುಕೊಂಡವನು. ಆದರೆ ಈ ಸಲದ ಸಂಗತಿ ಹಾಲಿಗಿಂತ ದೊಡ್ಡದಿತ್ತು.

ಶ್ರೀದೇವಿ ಬನಹಟ್ಟಿಯ ಒಬ್ಬ ಸಾಹುಕಾರರ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ಮಜೂರಿಗೆ ಸೀರೆ ನೇಯುತ್ತಿದ್ದಳು. ನೂಲು ಅವರದು, ಮಗ್ಗ ಅವರದು, ಸೀರೆ ಅವರದು. ಬೆನ್ನುನೋವೊಂದೇ ಇವಳ ಸ್ವಂತದ್ದು. ಈಗ ಊರಲ್ಲಿ ಒಬ್ಬರು ಮಗ್ಗದ ಶೆಡ್ಡು ಮುಚ್ಚುವವರಿದ್ದರು. ಎರಡು ಪವರ್‌ಲೂಮು ಇವಳಿಗೆಂದೇ ತಿಂಗಳ ಕೊನೆಯವರೆಗೆ ಹಿಡಿದಿಡುತ್ತೇನೆ ಎಂದಿದ್ದರು. ಮನೆಯನ್ನು ಅಡವಿಟ್ಟರೆ ಶ್ರೀದೇವಿಯ ಹೆಸರಿಗೆ ಸಾಲ ಕೊಡಲು ಬ್ಯಾಂಕು ಒಪ್ಪಿತ್ತು. ಬರುವ ಶನಿವಾರ ಬ್ಯಾಂಕಿನ ಇಂಜಿನಿಯರು ಬಂದು ಮನೆ ಅಳೆದು, ಬೆಲೆ ಕಟ್ಟಿ ವರದಿ ಕೊಡಬೇಕು. ಮ್ಯಾನೇಜರರು ಒಂದೇ ಒಂದು ಮಾತು ಒತ್ತಿ ಹೇಳಿದ್ದರು: "ಕಾಗದದಾಗ ಇದ್ದದ್ದಕ್ಕೂ ಜಾಗದಾಗ ಇದ್ದದ್ದಕ್ಕೂ ತಾಳೆ ಬೀಳಬೇಕು ನೋಡ್ರಿ. ಒತ್ತುವರಿ, ತಕರಾರು ಏನರ ಇದ್ರ ಫೈಲು ಅಲ್ಲೇ ನಿಂತಬಿಡ್ತೈತಿ."

"ನಮ್ಮದ್ರಾಗ ತಕರಾರು?" ಎಂದು ಮಲ್ಲಿನಾಥ ಮ್ಯಾನೇಜರರ ಮುಂದೆ ಗಹಗಹಿಸಿ ನಕ್ಕು ಬಂದಿದ್ದ. ಮನೆ ಅಪ್ಪನಿಂದ ಬಂದದ್ದು. ಅವನೊಬ್ಬನೇ ಮಗ. ನಗರಸಭೆಯ ಉತಾರದಲ್ಲಿ, ಎಂದರೆ ಆಸ್ತಿಯ ದಾಖಲೆಯಲ್ಲಿ, ಅವನೊಬ್ಬನದೇ ಹೆಸರು. ಅಗಲ ಮೂವತ್ತಾರು ಫೂಟು, ಉದ್ದ ಐವತ್ನಾಲ್ಕು ಫೂಟು ಎಂದು ಅದರಲ್ಲಿ ಅಚ್ಚಾಗಿತ್ತು.

"ಕೇಳಿಲ್ಲೆ," ಎಂದು ಮಲ್ಲಿನಾಥ ನೋಟುಬುಕ್ಕು ಬಿಡಿಸಿದ. "ಮನಿ ಕಿಮ್ಮತ್ತು ಕಟ್ಟಾಕ ಜಗತ್ತಿನ್ಯಾಗ ಮೂರ ದಾರಿ ಅದಾವು. ಒಂದು, ಅಕ್ಕಪಕ್ಕದಾಗ ಇಂಥಾವ ಮನಿ ಎಷ್ಟಕ್ಕ ಮಾರ್ಯಾವು ಅಂತ ನೋಡೂದು."

"ನಮ್ಮ ಓಣ್ಯಾಗ ಮನಿ ಮಾರಿದವ್ರು ಯಾರ್ರಿ? ಸತ್ರೂ ಬಿಟ್ಟ ಹೋಗೂದಿಲ್ಲ ಇಲ್ಲಿ ಮಂದಿ."

"ಅದಕ್ಕ ಎರಡನೇದು. ಇದ ಮನಿ ಇವತ್ತ ಹೊಸದಾಗಿ ಕಟ್ಟಾಕ ಎಷ್ಟ ಖರ್ಚು ಅಂತ ನೋಡಿ, ಅದರಾಗ ಸವಕಳಿ ಕಳೀಬೇಕು. ಗ್ವಾಡಿಗೆ ಅರವತ್ತೆರಡು ವರ್ಷ ಆದವು. ಸವದಾವು. ಕಿಮ್ಮತ್ತು ಇಳೀತೈತಿ."

ಶ್ರೀದೇವಿ ಮೆಣಸಿನಕಾಯಿ ಕೆಳಗಿಟ್ಟಳು. "ನನಗೂ ನಾಕು ಕಮ್ಮಿ ಐವತ್ತ ಆದವು. ನನಗೂ ಸವಕಳಿ ಕಳೀತೀರೇನ್ರಿ?"

ಮಲ್ಲಿನಾಥ ಕನ್ನಡಕದ ಮೇಲಿಂದ ಅವಳನ್ನು ನೋಡಿದ. "ಕಟ್ಟಡಕ್ಕಷ್ಟ ಸವಕಳಿ. ಭೂಮಿಗೆ ಇರಂಗಿಲ್ಲ. ನೀ ಭೂಮಿ ಲೆಕ್ಕದಾಗ ಬರ್ತಿ."

ಪುಸ್ತಕದಲ್ಲಿದ್ದ ಸೂತ್ರವನ್ನೇ ಅವನು ಹೇಳಿದ್ದು. ಆದರೂ ಶ್ರೀದೇವಿ ಏನೂ ಅನ್ನದೆ ಎದ್ದು ಹೋಗಿ ಮೂರನೆಯ ಕಪ್ಪು ಚಹಾ ತಂದಿಟ್ಟಳು. ಬಾಡಿಗೆಯ ಆದಾಯದಿಂದ ಬೆಲೆ ಕಟ್ಟುವ ಮೂರನೆಯ ದಾರಿ ಆ ಚಹಾದಲ್ಲಿ ಮರೆತೇಹೋಯಿತು.

ಆಮೇಲೆ ಅಳತೆ! ಜಮಖಂಡಿಯಿಂದ ತಂದ ನೂರು ಫೂಟಿನ ಹೊಸ ಸ್ಟೀಲ್ ಟೇಪು. ಮನೆಯ ಮುಂದಿನ ಕಟ್ಟೆ ಮನೆಯಷ್ಟೇ ಅಗಲವಿದ್ದುದರಿಂದ ಅಲ್ಲಿಂದಲೇ ಆರಂಭ. ಪೂರ್ವದ ತುದಿಯಲ್ಲಿ ಶ್ರೀದೇವಿ ಸೊನ್ನೆ ಹಿಡಿದು ಕೂತಳು. ಪಶ್ಚಿಮದ ತುದಿಯಲ್ಲಿ, ನಗರಸಭೆಯ ಗಟಾರದ ಪಕ್ಕ, ಮಲ್ಲಿನಾಥ ಬಗ್ಗಿ ಅಂಕಿ ಓದಿದ.

ಮೂವತ್ತೇಳು.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಮೂವತ್ತೇಳು.

"ಎಷ್ಟಾತ್ರಿ?" ಆ ತುದಿಯಿಂದ ಕೂಗು ಬಂತು.

"ತಡಿ, ಟೇಪು ಜೋಲು ಬಿದ್ದೈತಿ!"

ಐದು ಸಲ ಎಳೆದ. ಐದು ಸಲವೂ ಮೂವತ್ತೇಳು. ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ವಿಜ್ಞಾನದ ಮಾಸ್ತರ ಮೊದಲು ಉಪಕರಣವನ್ನು ಅನುಮಾನಿಸಬೇಕು. ಬಿಸಿಲು ನಲವತ್ತೊಂದು ಡಿಗ್ರಿ, ಉಕ್ಕು ಹಿಗ್ಗಿರಬಹುದೇ? ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಿಗ್ಗಿದ ಟೇಪು ಕಡಿಮೆ ತೋರಿಸಬೇಕೇ ಹೊರತು ಹೆಚ್ಚಲ್ಲ. ಹೆಚ್ಚು ತೋರಿಸಬೇಕಾದರೆ ಅದು ಕುಗ್ಗಬೇಕು. ಮೂವತ್ತಾರಕ್ಕೆ ಒಂದು ಫೂಟು ಕುಗ್ಗಬೇಕಾದರೆ ರಬಕವಿಯ ಉಷ್ಣತೆ ಎರಡು ಸಾವಿರದ ನಾಲ್ಕುನೂರು ಡಿಗ್ರಿ ಇಳಿಯಬೇಕು. ಇಡೀ ಬ್ರಹ್ಮಾಂಡದಲ್ಲಿ ಚಳಿ ಎಂಬುದು ಸೊನ್ನೆಯ ಕೆಳಗೆ ಇನ್ನೂರ ಎಪ್ಪತ್ಮೂರಕ್ಕೇ ಮುಗಿದುಹೋಗುತ್ತದೆ! ಟೇಪು ನಿರಪರಾಧಿ.

ಹಾಗಾದರೆ ಅಪರಾಧಿ ಯಾರು?

"ಅಯ್ಯ, ಎಷ್ಟಾತಂತ ಹೇಳ್ರಲಾ! ಕಾಲು ಜೋಮು ಹಿಡದಾವು!"

"ಮೂವತ್ತಾರು!" ಎಂದು ಮಲ್ಲಿನಾಥ ಕೂಗಿದ. "ಹೇಳಿ ಮಾಡಿಸಿದಂಗ ಮೂವತ್ತಾರು!"

ಹತ್ತೊಂಬತ್ತು ವರ್ಷಗಳ ವಿಜ್ಞಾನ ಬೋಧನೆಯಲ್ಲಿ ಅವನು ಹೇಳಿದ ಮೊದಲನೆಯ ಸುಳ್ಳು ಓದಿಕೆ ಇದು. ಎರಡನೆಯದು ಹತ್ತು ನಿಮಿಷಗಳ ಮೇಲೆ ಬಂತು; ಉದ್ದ ಐವತ್ತೈದೂವರೆ ಬಂದಾಗ ಐವತ್ನಾಲ್ಕು ಎಂದು ಹೇಳಿದ.

ಮಧ್ಯಾಹ್ನ ಊಟಕ್ಕೆ ಕುಳಿತಲ್ಲೇ ಗುಣಿಸಿ ನೋಡಿದ. ನೂರಾ ಒಂಬತ್ತೂವರೆ ಚದರ ಫೂಟು ಹೆಚ್ಚುವರಿ! ಆಸ್ತಿಯೆಂಬುದು ಆಕಾಶದಿಂದ ಉದುರುವುದಿಲ್ಲ. ನನ್ನಲ್ಲಿ ಹೆಚ್ಚಿದೆ ಎಂದರೆ ಇನ್ನೊಬ್ಬರಲ್ಲಿ ಕಡಿಮೆಯಾಗಿರಲೇಬೇಕು. ಹಿಂದಿನ ಒಂದೂವರೆ ಫೂಟು ಹಾಗಿರಲಿ, ಅಲ್ಲಿ ಬರೀ ಹಾಳು ಜಾಗ. ಮುಂದಿನ ಒಂದು ಫೂಟು ಯಾರದು? ಪೂರ್ವಕ್ಕೆ ಚನಮಲ್ಲಪ್ಪ, ಸೀರೆ ವ್ಯಾಪಾರಿ. ತನ್ನ ಅಂಗಡಿಯ ಮುಂದೆ ಒಬ್ಬರು ಸೈಕಲ್ಲು ನಿಲ್ಲಿಸಿದರೆಂದು ಆರು ವರ್ಷ ಕೋರ್ಟಿಗೆ ಓಡಾಡಿದ ಮನುಷ್ಯ. ಪಶ್ಚಿಮಕ್ಕೆ ನಗರಸಭೆಯ ಗಟಾರ, ಎಂದರೆ ಸಾಕ್ಷಾತ್ ಸರ್ಕಾರ! ಸರ್ಕಾರದ ಜಾಗ ನುಂಗಿದ ಸರ್ಕಾರಿ ಮಾಸ್ತರ! ಪತ್ರಿಕೆಯ ಮೂರನೆಯ ಪುಟದಲ್ಲಿ ತನ್ನ ಫೋಟೋ ಮಲ್ಲಿನಾಥನ ಕಣ್ಣಮುಂದೆ ಬಂದು ನಿಂತಿತು. ಫೋಟೋ ಕೂಡ ಛಲೋ ಬಂದಿರಲಿಲ್ಲ.

ಶ್ರೀದೇವಿಗೆ ಹೇಳಬೇಕಿತ್ತು. ಆದರೆ ಅವಳು ಒಳಗೆ, ಎರಡು ಮಗ್ಗ ಯಾವ ಗೋಡೆಗೆ ಬರುತ್ತವೆ ಎಂದು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಹೊಡೆಯುತ್ತಿದ್ದಳು. ಮಲ್ಲಿನಾಥ ಬಾಗಿಲಲ್ಲಿ ನಿಂತು ನೋಡಿ, ಬಾಯಿ ತೆರೆದು, ಮುಚ್ಚಿಕೊಂಡು ಹೊರಗೆ ಹೋದ.

ಮರುದಿನ ಸಾಲೆಯಿಂದ ಬರುತ್ತಲೇ ಚನಮಲ್ಲಪ್ಪನ ಕಟ್ಟೆಗೆ ಹೋಗಿ ಕುಳಿತ. ಮನೆಯಷ್ಟೇ ಅಗಲದ ಆ ಕಟ್ಟೆಗೆ ಎರಡೆರಡು ಫೂಟಿನ ಶಹಾಬಾದ ಫರಸಿಕಲ್ಲು ಹಾಕಿತ್ತು. ಓಣಿಯ ಎಲ್ಲ ಮನೆಗಳಿಗೂ ಉತಾರದಲ್ಲಿ ಮೂವತ್ತಾರೇ ಫೂಟು; ಇಲ್ಲಿ ಮೂವತ್ತೈದು ಬಂದರೆ ಆ ಒಂದು ಫೂಟು ಚನಮಲ್ಲಪ್ಪನದೇ ಎಂದರ್ಥ. ಚನಮಲ್ಲಪ್ಪ ಜಿ.ಎಸ್.ಟಿ.ಯ ಕಷ್ಟ ಹೇಳುತ್ತಿದ್ದರೆ ಮಲ್ಲಿನಾಥ ತಲೆ ಬಗ್ಗಿಸಿ ಎಣಿಸತೊಡಗಿದ. ಹನ್ನೊಂದು, ಹನ್ನೆರಡು...

"ಮಾಸ್ತರ, ಕೆಳಗ ಏನ ನೋಡಾಕತ್ತೀರಿ?"

"ಏನಿಲ್ರಿ. ಫರಸಿ ಭಾಳ ಛಲೋ ಅದಾವು."

"ಹಾಕ್ಸಿ ಇಪ್ಪತ್ತ ವರ್ಷ ಆತು. ಇವತ್ತ ಕಂಡ್ವೇನು?"

"ಕಣ್ಣ ತಪ್ಪಿತ್ತ್ರಿ... ಹದಿನೇಳು... ಅಲ್ಲ, ಹದಿನೇಳು ಸಾವಿರಕ್ಕ ಬಂದಿರಬೇಕಲ್ರಿ ಆವಾಗ?"

ಹದಿನೆಂಟೂವರೆ ಫರಸಿ. ಮೂವತ್ತೇಳು ಫೂಟು! ಚನಮಲ್ಲಪ್ಪನಿಗೇನೂ ಕಡಿಮೆಯಾಗಿಲ್ಲ. ಹಾಗಾದರೆ ಉಳಿದದ್ದು ಒಂದೇ, ಗಟಾರ. ಸರ್ಕಾರ! ಮಲ್ಲಿನಾಥ ಅವರು ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ಚನಮಲ್ಲಪ್ಪ ಅವನ ಬೆನ್ನನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದ.

ಮಂಗಳವಾರ ಮುಂಜಾನೆ ಚನಮಲ್ಲಪ್ಪನ ಮನೆಯಿಂದ ಹನ್ನೆರಡು ಶೇಂಗಾ ಹೋಳಿಗೆ ಬಂದವು. ಶ್ರೀದೇವಿ ಸೊಸೆಯಾಗಿ ಬಂದ ಇಪ್ಪತ್ತೊಂದು ವರ್ಷಗಳಲ್ಲಿ ಆ ಮನೆಯಿಂದ ಒಂದು ಉಪ್ಪಿನ ಹರಳೂ ದಾಟಿ ಬಂದದ್ದಿಲ್ಲ!

"ಇವತ್ತ ಹಬ್ಬ ಏನ್ರಿ?" ಎಂದಳು ಶ್ರೀದೇವಿ.

ಮಲ್ಲಿನಾಥ ಚನಮಲ್ಲಪ್ಪನ ಮನೆಯ ಕಡೆ ಇಣುಕಿ ನೋಡಿದ. ಅಂವಗ ಗೊತ್ತಾಗೈತಿ! ಗಟಾರದ ಸುದ್ದಿ ಹಿಡಿದುಕೊಂಡು ಆಡಿಸುತ್ತಿದ್ದಾನೆ. ಇಂದು ಹೋಳಿಗೆ, ನಾಳೆ ನಗರಸಭೆಗೆ ಅರ್ಜಿ. ಆದರೂ ಹೋಳಿಗೆ ಎರಡು ತಿಂದ. ಮಧ್ಯಾಹ್ನ ಮೂರನೆಯ ಪಿರಿಯಡ್ಡಿನಲ್ಲಿ ಅಳತೆಯ ದೋಷಗಳ ಪಾಠ ಮಾಡುತ್ತಿರುವಾಗ ಅವನಿಗೆ ಉಪಾಯ ಹೊಳೆಯಿತು. ಒತ್ತುವರಿಯ ಕೇಸು ಯಾರ ಮೇಲೆ? ಮಾಲೀಕರ ಮೇಲೆ. ನೌಕರಿ ಹೋಗುವುದು ಯಾರದು? ಸರ್ಕಾರಿ ನೌಕರನದು. ಮಾಲೀಕನೂ ನೌಕರನೂ ಒಬ್ಬನೇ ಆಗಿರುವುದರಲ್ಲೇ ಎಲ್ಲ ಅಪಾಯ. ಅವೆರಡನ್ನೂ ಬೇರ್ಪಡಿಸಿಬಿಟ್ಟರೆ?

ಅಂದು ಸಂಜೆ ಹೆಂಡತಿಯ ಮುಂದೆ ಗಂಟಲು ಸರಿಪಡಿಸಿಕೊಂಡು ನಿಂತ. "ಶ್ರೀದೇವಿ, ಸಾಲ ನಿನ್ನ ಹೆಸರಿಗೆ. ಮಗ್ಗ ನಿನ್ನ ಹೆಸರಿಗೆ. ಮನಿಯೊಂದು ನನ್ನ ಹೆಸರಿಗೆ ಯಾಕ? ಹೆಣ್ಣಮಕ್ಕಳ ಹೆಸರಿನ್ಯಾಗ ಆಸ್ತಿ ಇರಬೇಕು. ನಾಳೆ ದಾನಪತ್ರ ಮಾಡಿಸಿಬಿಡೂಣು."

ಶ್ರೀದೇವಿ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕುವುದನ್ನು ಮರೆತಳು. "ಖರೇನ? ನನ್ನ ಹೆಸರಿಗೆ?"

"ಖರೇನ."

"ನಮ್ಮವ್ವಗ ಕೊಡ ಕೂಡ ಸ್ವಂತದ್ದಿರಲಿಲ್ರಿ. ತಳದಾಗ ನಮ್ಮಪ್ಪನ ಹೆಸರ ಕೆತ್ತಿತ್ತು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆಯೇನೂ ಇರಲಿಲ್ಲ, ಅದು ಗ್ಯಾಸಿನ ಒಲೆ.

ಮಲ್ಲಿನಾಥನಿಗೆ ಆ ಕ್ಷಣ ಗಟಾರ ಬಾಯಿ ತೆರೆದು ತನ್ನನ್ನು ನುಂಗಿದರೆ ಛಲೋ ಅನ್ನಿಸಿತು. ಆದರೆ ಅದು ನುಂಗಲಿಲ್ಲ. ಬುಧವಾರ ಸಾಲೆಗೆ ರಜೆ ಹಾಕಿ ಇಬ್ಬರೂ ಬಾಂಡ್ ರೈಟರ್ ಮಾಂತೇಶನ ಟೇಬಲಿನ ಮುಂದೆ ಕುಳಿತರು.

"ಸರ, ಇಪ್ಪತ್ತು ವರ್ಷದಾಗ ಜಗಳಾ ಇಲ್ಲದ, ಕಾಯಿಲೆ ಇಲ್ಲದ, ಹೆಂಡ್ತಿಗೆ ಮನಿ ಬರದ ಕೊಟ್ಟ ಗಂಡನ್ನ ನಾ ಇವತ್ತ ನೋಡಿದ್ನಿ!" ಎಂದು ಮಾಂತೇಶ ಕೈ ಮುಗಿದ. "ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯನೂ ಇಲ್ಲದ ಅಂತ ಬರೀಲ್ರಿ?"

"ಬರಿ," ಎಂದ ಮಲ್ಲಿನಾಥ, ನೆಲ ನೋಡುತ್ತ.

"ಅಳತಿ ಅದ ಇಡ್ಲ್ಯೇನ್ರಿ? ಮೂವತ್ತಾರು, ಐವತ್ನಾಕು?"

"ಅದ! ಅದ! ಉತಾರದಾಗ ಇದ್ದಷ್ಟ!" ಸುತ್ತಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ. ಮಧ್ಯಾಹ್ನ ಎರಡು ಗಂಟೆಗೆ ನೋಂದಣಿ ಮುಗಿಯಿತು. ಮನೆ ಶ್ರೀದೇವಿಯದಾಯಿತು. ಬರುವಾಗ ಅವಳು ಅರ್ಧ ಕಿಲೋ ಪೇಢೆ ಕೊಂಡಳು. ಅವನ ಬಾಯಿಗೆ ಅದು ಮಣ್ಣಿನಂತೆ ಹತ್ತಿತು.

ಇಷ್ಟರಲ್ಲಿ ಓಣಿಯಲ್ಲಿ ವಿಚಿತ್ರ ಕಾಯಿಲೆಯೊಂದು ಹಬ್ಬತೊಡಗಿತ್ತು. ಎಲ್ಲರೂ ಒಳ್ಳೆಯವರಾಗತೊಡಗಿದ್ದರು! ಮೂರನೆಯ ಮನೆಯವರು ನಾಲ್ಕನೆಯ ಮನೆಯ ಅಂಗಳ ಗುಡಿಸಿದರು. ನೀರಿನ ಪಾಳಿಗಾಗಿ ಕೊಡ ಕುಕ್ಕುತ್ತಿದ್ದ ಐದನೆಯ ಮನೆಯ ಅನಸವ್ವ "ಮೊದಲ ನೀವ ತುಂಬಕೋರಿ, ತಂಗಿ" ಎಂದು ನಲ್ಲಿ ಬಿಟ್ಟು ಸರಿದಳು. ಯಾರು ಎದುರಾದರೂ ನಗುವುದು, ನಕ್ಕಮೇಲೆ ನೆಲ ನೋಡುವುದು. ಮಲ್ಲಿನಾಥನಿಗೆ ಪ್ರತಿಯೊಂದು ನಗೆಯೂ ತನ್ನ ಸಸ್ಪೆಂಡ್ ಆದೇಶದಂತೆಯೇ ಕಂಡಿತು. ಇಡೀ ಓಣಿಗೆ ತಿಳಿದುಹೋಗಿದೆ!

ಗುರುವಾರ ಸಂಜೆ ಚನಮಲ್ಲಪ್ಪ ಸ್ವತಃ ಬಂದ. ಟೋಪಿ ಕೈಯಲ್ಲಿತ್ತು. ಕುಂದರ್ರಿ ಎಂದರೂ ಕೂರಲಿಲ್ಲ. ಬಂತು, ಗಳಿಗೆ ಬಂತು ಎಂದು ಮಲ್ಲಿನಾಥ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಮಾಸ್ತರ, ನೀವು ದೊಡ್ಡ ಮನಸಿನ್ಯಾವರು. ನನ್ನ ಕಟ್ಟಿ ಎಣಿಸಿ, ಒಂದ ಮಾತ ಆಡಲಾರದ ಹೋದ್ರಿ. ನನಗ ಮೂರ ದಿನ ಅನ್ನ ಸೇರಿಲ್ಲ. ನಿಮ್ಮ ಒಂದ ಫೂಟು ಜಾಗಾ ನನ್ನ ಕಡೆ ಐತ್ರಿ. ನನ್ನ ಕಾಗದ ಮೂವತ್ತಾರು, ಕಟ್ಟಿ ಮೂವತ್ತೇಳು. ನಮ್ಮಪ್ಪ ತಿಂದಾನೋ, ನಾ ತಿಂದೇನೋ, ದೇವರಾಣಿ ಗೊತ್ತಿಲ್ರಿ. ಕೋರ್ಟು ಮಾತ್ರ ಬ್ಯಾಡ್ರಿ!"

ಮಲ್ಲಿನಾಥನಿಗೆ ಹೋದ ಜೀವ ಬಂದಂತಾಗಿ, ಆ ಆನಂದದಲ್ಲಿ ಬಾಯಿ ಸಡಿಲಿತು. "ಅಯ್ಯ, ನಂದೇನ ಹೋಗಿಲ್ರಿ! ನಂದೂ ಮೂವತ್ತೇಳ ಐತಿ! ರವಿವಾರ ಅಳದಾಗಿಂದ ನಾನೂ ಸಾಯಾಕತ್ತೇನಿ!"

ಹಿಂದೆ ಕಪ್ಪು-ಬಸಿ ಸಪ್ಪಳವಾಯಿತು. ಶ್ರೀದೇವಿ ಚಹಾ ಹಿಡಿದು ನಿಂತಿದ್ದಳು.

"ರವಿವಾರ ನೀವು ಮೂವತ್ತಾರಂದ್ರಿ," ಎಂದಳು.

ಅವಳು ಟ್ರೇ ಕೆಳಗಿಟ್ಟು ಬೆರಳು ಮಡಚಿದಳು: ರವಿವಾರ, ಸೋಮವಾರ, ಮಂಗಳವಾರ, ಬುಧವಾರ. ನಾಲ್ಕನೆಯ ಬೆರಳಿನ ಹತ್ತಿರ ನಿಂತಳು.

"ಮನಿ ನನ್ನ ಹೆಸರಿಗೆ ಮಾಡಿದ್ದು ಬುಧವಾರ ಅಲ್ಲೇನ್ರಿ?"

"ಹೌದು... ಬುಧವಾರ ದಿನಾ ಛಲೋ ಇತ್ತು."

"ಹಾಂ. ಯಾರಿಗೆ ಛಲೋ ಇತ್ತು ಅಂತ ಈಗ ಗೊತ್ತಾತು."

ಬೈದಿದ್ದರೆ ಮಲ್ಲಿನಾಥ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. "ಚಹಾ ಆರ್ತಾವು, ಕುಡೀರಿ" ಎಂದಳು, ಅಷ್ಟೇ.

ಚನಮಲ್ಲಪ್ಪನಿಗೆ ಈ ಗಂಡ-ಹೆಂಡಿರ ಲೆಕ್ಕ ಬೇಕಿರಲಿಲ್ಲ. ತಾನು ಮೂರನೆಯ ಮನೆಗೂ ಹೇಳಿದ್ದೇನೆ, ಅವರದೂ ಮೂವತ್ತೇಳು. ಅವರು ನಾಲ್ಕಕ್ಕೆ ಹೇಳಿದ್ದಾರೆ, ಅಲ್ಲಿಯೂ ಮೂವತ್ತೇಳು. ಹೀಗೆ ಹತ್ತನೆಯ ಮನೆಯವರೆಗೂ ಎಲ್ಲರೂ ಬಾಗಿಲು ಹಾಕಿಕೊಂಡು ಅಳೆದು ನೋಡಿ, ಪಕ್ಕದವರ ಒಂದು ಫೂಟು ತಿಂದಿದ್ದೇವೆಂದು ಹೆದರಿ ಕೂತಿದ್ದಾರೆ ಎಂದು ಹೇಳಿದ. ಓಣಿಗೆ ಸುರಿದಿದ್ದ ಒಳ್ಳೆಯತನದ ಗುಟ್ಟು ಇದು!

ಮಲ್ಲಿನಾಥ ಕಾಗದ ತೆಗೆದ. ಓಣಿಯಲ್ಲಿ ಹನ್ನೊಂದು ಮನೆ. ಉತಾರದಂತೆ ಒಟ್ಟು ಮುನ್ನೂರ ತೊಂಬತ್ತಾರು ಫೂಟು. ಈ ಕಡೆ ಗಟಾರ, ಆ ಕಡೆ ಊರ ಹಳೆಯ ಬಾವಿಯ ಕಟ್ಟೆ, ಅವೆರಡೂ ಸರಿಯುವಂಥವಲ್ಲ. ಹತ್ತು ಮನೆ ಮೂವತ್ತೇಳರಂತೆ ಹಿಡಿದರೆ ಮುನ್ನೂರ ಎಪ್ಪತ್ತು. ಉಳಿದದ್ದು ಇಪ್ಪತ್ತಾರು.

ಹನ್ನೊಂದನೆಯ ಮನೆ ಇಪ್ಪತ್ತಾರೇ ಫೂಟು! ಹತ್ತು ಮನೆಯವರು ಸೇರಿ ಒಬ್ಬಳ ಹತ್ತು ಫೂಟು ನುಂಗಿದ್ದಾರೆ! ಆ ಒಬ್ಬಳು ಯಾರು?

ಇಬ್ಬರೂ ಒಟ್ಟಿಗೆ ಉಸುರಿದರು. "ಗುರುಬಸವ್ವ!"

ಗುರುಬಸವ್ವನಿಗೆ ಎಂಬತ್ತೆರಡು ವರ್ಷ. ಅವಳ ಬಾಯಿಗೆ ಹೆದರಿ ಓಣಿಯ ನಾಯಿಗಳು ಬಾವಿಯ ಕಡೆ ಹೋಗುತ್ತಿರಲಿಲ್ಲ. ಚನಮಲ್ಲಪ್ಪ ಮೆಲ್ಲಗೆ ಹೇಳಿದ: "ಅಕಿಗೆ ಗೊತ್ತಿಲ್ಲಂದ್ರ... ಸುಮ್ಮ ಇದ್ದರಾತಲ್ರಿ? ಶನಿವಾರ ಇಂಜಿನಿಯರ್ ಹೋಗೂತನಕರ?"

"ಇಲ್ಲ," ಎಂದಳು ಶ್ರೀದೇವಿ. "ಅಕಿ ಜಾಗಾ ಆದ್ರ ಅಕಿದು. ಗ್ವಾಡಿ ಒಡದ ಸರಿಸೂಣು. ಮಗ್ಗ ಹೋದ್ರ ಹೋಗ್ಲಿ. ಈಗ ಆ ಫೂಟಿನ ಮಾಲೀಕಳು ನಾನ. ಮುಂಜಾನೆ ನಡೀರಿ, ನಾನ ಕೇಳ್ತೇನಿ."

ಶುಕ್ರವಾರ ಮುಂಜಾನೆ ಮೂವರೂ ಹೊರಟರು. ಟೇಪು ಮಲ್ಲಿನಾಥನ ಕೈಚೀಲದಲ್ಲಿ, ಕೊತ್ತಂಬರಿಯ ಕೆಳಗೆ. ದಾರಿಯುದ್ದಕ್ಕೂ ಎಂಟೂ ಮನೆಗಳ ಕಿಟಕಿಗಳು ಅರ್ಧರ್ಧ ತೆರೆದವು. ಗುರುಬಸವ್ವ ಪಡಸಾಲೆಯಲ್ಲಿ ಬಟ್ಟೆಯ ಗಂಟು ಬಿಚ್ಚಿಕೊಂಡು ಕುಳಿತಿದ್ದಳು. ಮನೆಯಲ್ಲೇ ಕೈಮಗ್ಗದ ಅರಿವೆ ಮಾರುವುದು ಅವಳ ಕಸುಬು.

"ಏನಲೇ ಮಲ್ಲ್ಯಾ, ಮುಂಜಾನೆದ್ದು ಮೂರ ಮಂದಿ? ಯಾರರ ಸತ್ರೇನು?"

"ಇಲ್ರಿ ಯವ್ವಾ... ಅರಿವಿ ತಗೊಳ್ಳಾಕ ಬಂದೇವ್ರಿ," ಎಂದ ಮಲ್ಲಿನಾಥ. ಕೇಳುತ್ತೇನೆಂದು ಬಂದ ಶ್ರೀದೇವಿಯ ಬಾಯಿಯೂ ಆ ಕಣ್ಣುಗಳ ಮುಂದೆ ಕಟ್ಟಿತು. "ಮೂರ ಗಜ ಕೊಡ್ರಿ, ಆಯಿ."

ಗುರುಬಸವ್ವ ಪಕ್ಕದಲ್ಲಿದ್ದ ಕಬ್ಬಿಣದ ಗಜ ಎತ್ತಿಕೊಂಡಳು. ಮೂರು ಫೂಟಿನ ಆ ಸರಳು ಹಿಡಿದು ಹಿಡಿದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಬಟ್ಟೆಯನ್ನು ಗಜಕ್ಕೆ ಹಿಡಿದಳು. ಗಜ ಮುಗಿದ ಕಡೆ ಬಟ್ಟೆಯ ಮೇಲೆ ಹೆಬ್ಬೆಟ್ಟನ್ನು ಅಡ್ಡ ಇಟ್ಟಳು. ಎರಡನೆಯ ಗಜವನ್ನು ಹೆಬ್ಬೆಟ್ಟಿನ ಆಚೆಯಿಂದ ಹಿಡಿದಳು. ಮತ್ತೆ ಹೆಬ್ಬೆಟ್ಟು. ಮತ್ತೆ ಗಜ.

ಮಲ್ಲಿನಾಥನ ಕಣ್ಣು ಅಲ್ಲಿಯೇ ನೆಟ್ಟಿತು.

"ಯವ್ವಾ, ಆ ಹೆಬ್ಬಟ್ಟ ಯಾಕ ಇಟ್ರಿ?"

"ನೇಕಾರರ ಹೊಟ್ಟ್ಯಾಗ ಹುಟ್ಟಿ ಅದೂ ಗೊತ್ತಿಲ್ಲೇನು? ಗಜಕ್ಕೊಂದು ಹೆಬ್ಬಟ್ಟ ಗಿರಾಕಿಗೆ ಬಿಡಬೇಕು. ಒಗದ ಮ್ಯಾಲ ಅರಿವಿ ಕುಗ್ಗತೈತಿ. ಬಿಡದಾಂವನ ಹಂತ್ಯಾಕ ಯಾರ ಬರ್ತಾರು?"

"ಒಂದೀಟು ಆ ಹೆಬ್ಬಟ್ಟ ಕೊಡ್ರಿ ಯವ್ವಾ!" ಮಲ್ಲಿನಾಥ ಅವಳ ಕೈಯನ್ನೇ ಹಿಡಿದುಬಿಟ್ಟ.

"ಹೋ! ಹೋ!" ಗುರುಬಸವ್ವ ಕೈ ಕಿತ್ತುಕೊಂಡು ಓಣಿಗೆ ಕೇಳುವಂತೆ ಕೂಗಿದಳು. "ಯಾವ ಕಾಗದಕ್ಕ ಒತ್ತಿಸ್ಕೊಳ್ಳಾಕ ಬಂದ್ಯೋ? ನನ್ನ ಮನಿ ಬರಸ್ಕೊಳ್ತೀಯೇನೋ, ಮಾಸ್ತರ ಆಗಿ!"

ಜಗ್ಗಾಟದಲ್ಲಿ ಚೀಲ ಉರುಳಿತು. ಕೊತ್ತಂಬರಿಯ ಹಿಂದೆಯೇ ಟೇಪು ಗಿರ್ರೆಂದು ಬಿಚ್ಚಿಕೊಳ್ಳುತ್ತ ಅಂಗಳಕ್ಕೆ ಓಡಿತು. ಇನ್ನು ಬಚ್ಚಿಡುವುದೇನಿತ್ತು? ಶ್ರೀದೇವಿ ಗುರುಬಸವ್ವನ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳು. ಮೂವತ್ತೇಳು ಫೂಟು ಹೇಳಿದಳು, ಹತ್ತು ಮನೆಗಳನ್ನು ಹೇಳಿದಳು. "ನಿಮ್ಮ ಜಾಗಾ ನಮ್ಮ ಕಡೆ ಇದ್ರ ತಗೋರಿ ಆಯಿ," ಎಂದಳು.

ಗುರುಬಸವ್ವ ಬಾಯಿ ತೆರೆದು ಕೇಳಿದಳು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಹುಚ್ಚರ್ಯಾ! ಈ ಓಣಿ ಅಳದಾವ್ರು ನಮ್ಮ ಮಾವ. ಇದ ಗಜದಿಂದ! ಮನಿಗೆ ಹನ್ನೆರಡ ಗಜ ಅಗಲ, ಹದಿನೆಂಟ ಗಜ ಉದ್ದ. ಜಾಗಾ ಆದ್ರೇನು, ಅರಿವಿ ಆದ್ರೇನು, ಅವ್ರ ಕೈ ಹೆಬ್ಬಟ್ಟ ಬಿಡಲಾರದ ಅಳೀತಿತ್ತೇನು? ಕಾಗದ ಬರ್ಯಾಂವ ಕುರ್ಚಿ ಮ್ಯಾಲ ಕುಂತು ಗಜಾ ಬರಕೊಂಡ, ಹೆಬ್ಬಟ್ಟ ಬಿಟ್ಟ. ಆ ನಿಮ್ಮ ಗಟಾರ ಬಂದದ್ದು ಮನಿ ಎದ್ದು ಇಪ್ಪತ್ತ ವರ್ಷದ ಮ್ಯಾಲ. ಅಳಿ, ನನ್ನ ಮನೀನೂ ಅಳಿ!"

ಅಳೆದರು. ಮೂವತ್ತೇಳು.

ಹನ್ನೆರಡು ಗಜಕ್ಕೆ ಹನ್ನೆರಡು ಹೆಬ್ಬೆಟ್ಟು, ಹೆಬ್ಬೆಟ್ಟಿಗೊಂದು ಇಂಚಿನಂತೆ ಹನ್ನೆರಡು ಇಂಚು, ಒಂದು ಫೂಟು! ಹದಿನೆಂಟು ಗಜಕ್ಕೆ ಹದಿನೆಂಟು ಇಂಚು, ಒಂದೂವರೆ ಫೂಟು! ಎರಡೂ ಅಳತೆ ಒಂದೇ ಪ್ರಮಾಣದಲ್ಲಿ ಹೆಚ್ಚಿದ್ದವು. ಮೊದಲ ದಿನವೇ ಭಾಗಾಕಾರ ಮಾಡಿದ್ದರೆ ಕಾಣುತ್ತಿತ್ತು. ಹೆದರಿದವನಿಗೆ ಭಾಗಾಕಾರ ಎಲ್ಲಿ ಹೊಳೆಯಬೇಕು? ಹನ್ನೊಂದು ಮನೆಯವರಲ್ಲಿ ಯಾರೂ ಯಾರ ಜಾಗವನ್ನೂ ತಿಂದಿರಲಿಲ್ಲ. ಸಂಜೆಯೊಳಗೆ ಓಣಿ ಗುಣಮುಖವಾಯಿತು. ಅನಸವ್ವ ನಲ್ಲಿಯ ಹತ್ತಿರ ಕೊಡ ಕುಕ್ಕಿದ ಸಪ್ಪಳ ಮಲ್ಲಿನಾಥನ ಮನೆಯವರೆಗೂ ಕೇಳಿಸಿತು. ಆ ಸಪ್ಪಳದ ಹೊರತು ಅವನ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಶ್ರೀದೇವಿ ಎರಡು ಸಲ ಊಟಕ್ಕೆ ಬಡಿಸಿದ್ದಳು, ಒಂದು ಸಲವೂ ಮಾತಾಡಿರಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಇಂಜಿನಿಯರ್ ಬಸವಕುಮಾರ ಬಂದ. ಬೆಂಕಿಪೆಟ್ಟಿಗೆಯಷ್ಟು ಯಂತ್ರ ತೆಗೆದು ಗೋಡೆಗೆ ಕೆಂಪು ಚುಕ್ಕೆ ಬಿಟ್ಟ. ನಾಲ್ಕು ನಿಮಿಷದಲ್ಲಿ ಅಳತೆ ಮುಗಿಯಿತು. ಮಲ್ಲಿನಾಥ ಗಜ, ಹೆಬ್ಬೆಟ್ಟು, ಪ್ರಮಾಣ ಎಲ್ಲವನ್ನೂ ಹದಿನಾರು ನಿಮಿಷ ವಿವರಿಸಿದ.

"ಬ್ಯಾಂಕಿನ ಫಾರ್ಮಿನ್ಯಾಗ ಹೆಬ್ಬಟ್ಟಿಗೆ ಕಾಲಂ ಇಲ್ರಿ ಸರ," ಎಂದ ಬಸವಕುಮಾರ. "ಎರಡರಾಗ ಯಾವದು ಕಡಿಮಿನೋ ಅದನ್ನ ಹಿಡಿತೇವಿ. ಕಾಗದದಾಗ ಮೂವತ್ತಾರು, ಮೂವತ್ತಾರ. ಅಕ್ಕಪಕ್ಕದಾವ್ರ ತಕರಾರಿಲ್ಲ, ಸಾಕು. ಮಗ್ಗದ ಸಾಲಕ್ಕ ಭಾಳಾತು ಈ ಕಿಮ್ಮತ್ತು."

ಆರು ದಿನಗಳ ನರಕವನ್ನು ಆ ಹುಡುಗ ಒಂದು ವಾಕ್ಯದಲ್ಲಿ ಮುಗಿಸಿದ್ದ! ದಾನಪತ್ರದ ಪ್ರತಿ ನೋಡಿ ಅವನು ಶ್ರೀದೇವಿಯ ಕಡೆ ತಿರುಗಿದ.

"ಮಾಲೀಕರು ನೀವ ಏನ್ರೀ ಮೇಡಂ? ಇನ್ನೊಂದೆರಡು ಪ್ರಶ್ನೆ ಅದಾವು. ಮಾಲೀಕರನ್ನ ಬಿಟ್ಟು ಮನ್ಯಾಗ ಬ್ಯಾರೆ ಯಾರರ ಇರ್ತಾರೇನ್ರಿ?"

"ಒಬ್ರ ಇರ್ತಾರ್ರಿ," ಎಂದಳು ಶ್ರೀದೇವಿ. ಎರಡು ದಿನಗಳ ಮೇಲೆ ಮೊದಲ ಸಲ ಗಂಡನತ್ತ ನೋಡಿದಳು.

"ಬಾಡಿಗಿದಾರರೇನ್ರಿ?"

"ಬಾಡಿಗಿ ಎಲ್ಲಿ ಕೊಡ್ತಾರ್ರಿ."

"ಹಂಗಾರ ಏನಂತ ಬರೀಲ್ರಿ? ಉಳದದ್ದು ಎರಡ ಕಾಲಂ. ಸಂಬಂಧಿಕರು, ಇಲ್ಲಾ ಅತಿಕ್ರಮಣದಾರರು."

ಮಲ್ಲಿನಾಥ ಗಂಟಲು ಸರಿಪಡಿಸಿಕೊಂಡ. ಶ್ರೀದೇವಿ ಅವನನ್ನು ಅಡಿಯಿಂದ ಮುಡಿಯವರೆಗೆ, ಮಾಲು ನೋಡುವ ವ್ಯಾಪಾರಿಯಂತೆ, ಒಂದು ಸಲ ನೋಡಿದಳು.

"ಇಪ್ಪತ್ತೊಂದು ವರ್ಷದಿಂದ ಕುಂತಾರು, ಎಬ್ಬಸಾಕ ಆಗಿಲ್ಲ. ಅತಿಕ್ರಮಣ ಅಂತ ಬರೀರಿ."

ಬಸವಕುಮಾರ ಗಾಬರಿಯಿಂದ ಪೆನ್ನು ಎತ್ತಿದ. "ಹಂಗ ಬರದ್ರ ಸಾಲ ಸಿಗಂಗಿಲ್ರೀ ಮೇಡಂ!"

"ಹೌದೇನ್ರಿ?" ಎಂದಳು ಶ್ರೀದೇವಿ, ಸಾವಕಾಶವಾಗಿ. "ಹಂಗಾರ ಸಂಬಂಧಿಕರು ಅಂತ ಬರಕೋರಿ. ಸಾಲ ಕೈಗೆ ಬರೂತನಕ."